ಮುನ್ನೂರು ಅರ್ಕಾವತ್ತು

ಹೇಳುತ್ತೇನೆ ವಾರಿಜಾ, ಏಲಂ ಮುಗಿಯಲಿ, ತಡಿ.
ಬಂಗುಡೆ ಹದಿನೆಂಟು ಬುಟ್ಟಿ.
ಬೂತಾಯಿ ಬರೆದುಕೊಳ್ಳಲಿಕ್ಕೂ ಇಲ್ಲ ಇವತ್ತು.

ಬರೆದದ್ದನ್ನು ಮೊದಲು ಎರಡು ತಿಂಗಳು ಮುಟ್ಟಬೇಡ.
ಮೀನಿನ ಹಾಗಲ್ಲ ಅದು, ಇಟ್ಟಷ್ಟೂ ಒಳ್ಳೆಯದು.
ಆಮೇಲೆ ನಿನ್ನ ಮೇಲೆ ಪ್ರೀತಿಯಿಲ್ಲದ ಒಬ್ಬರಿಗೆ ಓದಲು ಕೊಡು.
ನಾನು ನಾದಿನಿಗೆ ಕೊಟ್ಟೆ.
ಮೂರು ಕಥೆ ಅಲ್ಲೇ ಹೋಯಿತು.

ಟೈಪಿಗೆ ಬೆಂದೂರಿನ ಐರಿನ್ ಬಾಯಿ.
ತಪ್ಪು ತಿದ್ದುವುದು ಎರಡು ಸಲ ಪುಕ್ಕಟೆ,
ಮೂರನೇ ಸಲ ಮುಖ ಉಬ್ಬಿಸುತ್ತಾರೆ.
ನನ್ನದು ಲೆಕ್ಕ ಬರೆದು ಕೆಟ್ಟ ಅಕ್ಷರ.
ದೋಣಿ ಮಗುಚಿತು ಎಂದಲ್ಲಿ
ದೊಣ್ಣೆ ಮಗುಚಿತು ಎಂದು ಹೊಡೆದಿದ್ದರು.
ಕರಡನ್ನು ಕಣ್ಣಲ್ಲಿ ಓದಬೇಡ, ಬಾಯಲ್ಲಿ ಓದು,
ಕೊನೆಯ ಸಾಲಿನಿಂದ ಹಿಂದಕ್ಕೆ,
ಬಲೆ ಎಳೆದ ಹಾಗೆ.

ಐಎಸ್‌ಬಿಎನ್ ಕೊಡಿಸುತ್ತೇನೆ, ಎರಡು ಸಾವಿರ ಆಗುತ್ತದೆ
ಎಂದ ಒಬ್ಬ, ಹಂಪನಕಟ್ಟೆಯಲ್ಲಿ.
ಬಿಡು. ಅದಕ್ಕೆ ದುಡ್ಡಿಲ್ಲ.
ಅರ್ಜಿ ಹಾಕಬೇಕು, ಕಾಯಬೇಕು.
ಕಾಯುವುದು ನಮಗೆ ಹೊಸತಾ,
ಮಳೆಗಾಲದಲ್ಲಿ ಎರಡು ತಿಂಗಳು ಕಡಲಿಗೆ ಇಳಿಯದವರಿಗೆ?

ಬಂದರಿನಲ್ಲಿ ಮೋನಬ್ಬರ ಪ್ರೆಸ್ಸು.
ಮದುವೆ ಕಾಗದ, ಬಿಲ್ ಬುಕ್, ಮತ್ತೆ ನನ್ನಂಥವರು.
ಹದಿನಾರು ಪುಟಕ್ಕೊಂದು ಫಾರ್ಮು, ಎಂದರು,
ನಿಮ್ಮದು ನೂರ ಮೂವತ್ತೊಂದು,
ಮೂರು ಪುಟಕ್ಕೆ ಇನ್ನೊಂದು ಫಾರ್ಮು ಯಾಕೆ?
ಮುನ್ನುಡಿ ತೆಗೆದೆ.
ಬರೆದುಕೊಟ್ಟ ಮಾಸ್ಟ್ರಿಗೆ ಇನ್ನೂ ಸಿಟ್ಟುಂಟು.
ಎಪ್ಪತ್ತು ಜಿಎಸ್‌ಎಂ ಕಾಗದ ಸಾಕು.
ರಟ್ಟಿಗೆ ಲ್ಯಾಮಿನೇಶನ್ ಮಾಡಿಸು,
ಇಲ್ಲಿಯ ಹಬೆಗೆ ಬರೀ ರಟ್ಟು ಹಸಿ ಹಪ್ಪಳ.
ಸಾವಿರ ಹಾಕಿಸಿದರೆ ಅಗ್ಗ ಎನ್ನುತ್ತಾರೆ.
ಮಂಚದಡಿ ಎಷ್ಟು ಜಾಗ ಉಂಟೆಂದು ಮೊದಲು ಅಳೆ.
ನನ್ನದು ಮುನ್ನೂರು.
ಇಪ್ಪತ್ತೊಂದು ಸಾವಿರ, ಚೀಟಿ ಎತ್ತಿದ ದುಡ್ಡು.

ಪೆಟ್ಟಿಗೆ ಬಿಚ್ಚಿದರೆ
ಪುಸ್ತಕದ ಬೆನ್ನಿನ ಮೇಲೆ ನನ್ನ ಹೆಸರು:
ಕಮಲಾಕ್ಷಿ ಕಕೇರ.
ಫಾಂಟ್ ಬದಲಿಸುವಾಗ ಅರ್ಕಾವತ್ತು ಹಾರಿದೆ.
ಒಳಗೆಲ್ಲ ಸರಿ ಉಂಟು, ಬೆನ್ನಲ್ಲಿ ಮಾತ್ರ.
ಬೆನ್ನು ಯಾರು ಓದುತ್ತಾರೆ ಅಂದರು ಮೋನಬ್ಬ, ಚಾ ತರಿಸಿ.
ಲ್ಯಾಮಿನೇಶನ್ ಮೇಲೆ ಮಾಮೂಲಿ ಪೆನ್ನು ಹಿಡಿಯುವುದಿಲ್ಲ,
ಸೀಡಿಗೆ ಬರೆಯುವ ಮಾರ್ಕರ್ ಬೇಕು, ಗೊತ್ತಿರಲಿ.
ಚಾಪೆ ಹಾಕಿ ಕೂತು ಒಂದೊಂದಕ್ಕೂ ಹಾಕಿದೆ,
ಕೊಕ್ಕೆ, ಕೊಕ್ಕೆ, ಕೊಕ್ಕೆ,
ರಾತ್ರಿ ಎರಡರವರೆಗೆ,
ಗಾಳ ಮಾರುವ ಅಂಗಡಿಯವಳ ಹಾಗೆ.

ಅಂಗಡಿಗಳು ನೂರಕ್ಕೆ ನಲ್ವತ್ತು ಹಿಡಿಯುತ್ತಾವೆ.
ಎಷ್ಟು ಪ್ರತಿ ಕೊಟ್ಟೆಯೆಂದು ಬರೆಸಿ ಸಹಿ ಹಾಕಿಸು.
ಇದು ಕೂಗುವವನಿಲ್ಲದ ಏಲಂ ಮಾರಾಯ್ತಿ, ನೀನೇ ಕೂಗಬೇಕು.
ಬಿಡುಗಡೆಗೆ ಹಾಲು, ಶಾಲು ಏನೂ ಮಾಡಲಿಲ್ಲ ನಾನು.
ಇದೇ ದಕ್ಕೆಯಲ್ಲಿ, ಮಗುಚಿದ ಐಸ್ ಪೆಟ್ಟಿಗೆಯ ಮೇಲೆ ಹತ್ತು ಪ್ರತಿ,
ಪಕ್ಕದಲ್ಲಿ ಸ್ಕ್ಯಾನ್ ಮಾಡುವ ಚೀಟಿ.
ಬೋಟಿನ ಶೀನಣ್ಣ ನಾಲ್ಕು ಕೊಂಡ.
ಓದಲು ಬರುವುದಿಲ್ಲ ಅವನಿಗೆ.
ಮುಳುಗಿದ ಅವನ ತಮ್ಮನ ಬೋಟು
ಯಾವ ಪುಟದಲ್ಲಿ ಉಂಟೆಂದು ಕೇಳಿ
ಅಲ್ಲಿ ಮೂಲೆ ಮಡಚಿಕೊಂಡ, ನಾಲ್ಕರಲ್ಲೂ.

ಹೋದ ತಿಂಗಳು ಉಡುಪಿಯಲ್ಲಿ,
ಬಸ್ಸಿಗೆ ಹೊತ್ತಿತ್ತೆಂದು ಲೈಬ್ರರಿಗೆ ನುಗ್ಗಿದೆ.
ಕೆಳಗಿನ ಕಪಾಟು. ಬೆನ್ನು ಕಾಣುತ್ತಿತ್ತು:
ಕಕೇರ.
ನಿದ್ದೆಗಣ್ಣಲ್ಲಿ ಒಂದು ಬಿಟ್ಟು ಹೋಗಿದೆ.
ಚೀಲದಲ್ಲೇ ಇತ್ತು ಮಾರ್ಕರ್.
ಹಿಂದಿನ ಚೀಟಿಯಲ್ಲಿ ಎರಡು ತಾರೀಕು, ನೇರಳೆ ಸೀಲು.
ಯಾವಳೋ ಕಕೇರಳನ್ನು ಇಬ್ಬರು ಮನೆಗೆ ಒಯ್ದು
ಹದಿನೈದು ದಿನ ಇಟ್ಟುಕೊಂಡಿದ್ದಾರೆ.
ಮಾರ್ಕರ್ ತೆಗೆಯಲಿಲ್ಲ.

ಆದರೆ ನೀನು ಬೆನ್ನನ್ನು ಎರಡು ಸಲ ಓದು.
ಹೂಂ, ಇನ್ನೊಂದು ಬೋಟು ಬಂತು.
ಆ ಪೆನ್ನು ಇತ್ತ ಕೊಡು.